ಸುಮ್ಮನಿರುವ ಹೊಸ ಟ್ಯಾಬ್ ಪುಟ: 26 ದಿನಗಳ ಕೆಲಸದ ಟಿಪ್ಪಣಿ

ಒಂದು ಪದದ ಅರ್ಥ ನೋಡೋಣ ಅಂತ ಕಂಟ್ರೋಲ್-ಟಿ ಒತ್ತಿದೆ. ಹೊಸ ಟ್ಯಾಬ್ ತೆರೆಯಿತು. ಪರದೆ ತುಂಬ ಒಂದು ಬೆಟ್ಟದ ಫೋಟೋ, ನಡುವೆ ದೊಡ್ಡ ಗಡಿಯಾರ, ಕೆಳಗೆ ಮೂರು ಸುದ್ದಿ ತಲೆಬರಹ. ಎರಡನೇ ತಲೆಬರಹ ಓದುವಷ್ಟರಲ್ಲಿ ಯಾವ ಪದ ಅನ್ನೋದೇ ತಲೆಯಿಂದ ಹೋಗಿತ್ತು. ಒಳಗಿನ ಕೋಣೆಗೆ ಹೋಗಿ, ಯಾಕೆ ಬಂದೆ ಅಂತ ನಿಲ್ಲುತ್ತೇವಲ್ಲ, ಹಾಗೆ.

ಇದು ದಿನಕ್ಕೆ ಎಷ್ಟು ಸಲ ಆಗುತ್ತದೆ ಅಂತ ಎಣಿಸಿದೆ. ಕೀಬೋರ್ಡ್ ಪಕ್ಕ ಒಂದು ಚೀಟಿ ಇಟ್ಟುಕೊಂಡೆ. ಟ್ಯಾಬ್ ತೆರೆದು ಮರೆತಾಗಲೆಲ್ಲ ಒಂದು ಗೀಟು. ಬುಧ, ಗುರು, ಶುಕ್ರ ಮೂರು ದಿನದ ಲೆಕ್ಕ 9, 12, 7. ಆ ಫೋಟೋ ಪುಟ ಬ್ರೌಸರಿಗೆ ನಾನೇ ಸೇರಿಸಿಕೊಂಡಿದ್ದ ಒಂದು ಚಿಕ್ಕ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಷನ್. ಅದನ್ನು ತೆಗೆದೆ. ನನಗೆ ಬೇಕಾದ ಪುಟವನ್ನು ನಾನೇ ಕಟ್ಟಲು ಕೂತೆ.

ಬಳಸಿದ್ದು ಒಂದು ಟೆಕ್ಸ್ಟ್ ಎಡಿಟರ್, ಕ್ರೋಮ್ ಬ್ರೌಸರ್, ಫೋನಿನ ಸ್ಲೋ ಮೋಷನ್ ಕ್ಯಾಮೆರಾ, ಚೀಟಿ, ಪೆನ್ಸಿಲ್. ದುಡ್ಡಿನ ಖರ್ಚು ಏನೂ ಇಲ್ಲ. ಸಮಯ ಹತ್ತಿರ ಹತ್ತಿರ 15 ಗಂಟೆ ಹಿಡಿಯಿತು. ಅದರಲ್ಲಿ 9 ಗಂಟೆ ಹೋಗಿದ್ದು ಮಾಡಿ ಆಮೇಲೆ ಕಿತ್ತುಹಾಕಿದ್ದಕ್ಕೆ. ಆ 9 ಗಂಟೆಯ ಕಥೆಯೇ ಇಲ್ಲಿ ಜಾಸ್ತಿ ಇದೆ.

ದಿನ 1, ಶನಿವಾರ: ಚೌಕಟ್ಟು

ಒಂದು ಖಾಲಿ ಫೋಲ್ಡರ್. ಒಳಗೆ ಎರಡು ಫೈಲ್. ಒಂದು ಮ್ಯಾನಿಫೆಸ್ಟ್ (ಎಕ್ಸ್‌ಟೆನ್ಷನ್ ಯಾವುದು, ಏನು ಮಾಡುತ್ತದೆ ಅಂತ ಬ್ರೌಸರಿಗೆ ಹೇಳುವ ಫೈಲ್), ಇನ್ನೊಂದು ಎಚ್‌ಟಿಎಂಎಲ್ ಪುಟ. ಮ್ಯಾನಿಫೆಸ್ಟ್‌ನಲ್ಲಿ ಬೇಕಾದದ್ದು ತುಂಬ ಕಡಿಮೆ: ಹೆಸರು, ಎಕ್ಸ್‌ಟೆನ್ಷನ್ನಿನ ಆವೃತ್ತಿ, ಮ್ಯಾನಿಫೆಸ್ಟ್ ಆವೃತ್ತಿ 3, ಮತ್ತು ಹೊಸ ಟ್ಯಾಬಿನ ಜಾಗದಲ್ಲಿ ನನ್ನ ಪುಟ ತೋರಿಸು ಅನ್ನುವ ಒಂದು ಸಾಲು. ಎಕ್ಸ್‌ಟೆನ್ಷನ್ ಪಟ್ಟಿಯ ಪುಟಕ್ಕೆ ಹೋಗಿ ಡೆವಲಪರ್ ಮೋಡ್ ಆನ್ ಮಾಡಿದೆ. 'ಲೋಡ್ ಅನ್‌ಪ್ಯಾಕ್ಡ್' ಒತ್ತಿ ಫೋಲ್ಡರ್ ತೋರಿಸಿದೆ. ಹೊಸ ಟ್ಯಾಬ್ ತೆರೆದಾಗ ಹಳೆಯ ಪುಟಕ್ಕೆ ವಾಪಸ್ ಹೋಗಬೇಕೇ ಅಂತ ಬ್ರೌಸರ್ ಕೇಳಿತು. ಬೇಡ ಅಂದೆ.

ಮೊದಲ ದಿನದ ಎರಡು ತಪ್ಪು.

ಪುಟಕ್ಕೆ ಟೈಟಲ್ ಕೊಟ್ಟಿರಲಿಲ್ಲ. ಟ್ಯಾಬಿನ ತಲೆಯ ಮೇಲೆ ಎಕ್ಸ್‌ಟೆನ್ಷನ್ನಿನ ಉದ್ದನೆಯ ವಿಳಾಸ ಬಂತು. ಅರ್ಥವಿಲ್ಲದ ಅಕ್ಷರಗಳ ಸಾಲು ಅದು, ಕಣ್ಣಿಗೆ ಚುಚ್ಚುತ್ತದೆ. 'ಹೊಸ ಟ್ಯಾಬ್' ಅಂತ ಟೈಟಲ್ ಹಾಕಿದೆ, ಸರಿಹೋಯಿತು.

ಎರಡನೆಯದಕ್ಕೆ ಅರ್ಧ ಗಂಟೆ ಹೋಯಿತು. ನಾಲ್ಕು ಸಾಲಿನ ಸ್ಕ್ರಿಪ್ಟನ್ನು, ಅಂದರೆ ಪುಟದಲ್ಲಿ ಓಡುವ ಕೋಡನ್ನು, ಪುಟದ ಒಳಗೇ ಬರೆದಿದ್ದೆ. ಅದು ಓಡಲೇ ಇಲ್ಲ. ನಾನು ಆ ನಾಲ್ಕು ಸಾಲನ್ನೇ ತಿದ್ದುತ್ತಾ ಕೂತೆ. ಕೊನೆಗೆ ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್ ತೆಗೆದು ನೋಡಿದರೆ ಕೆಂಪು ಅಕ್ಷರದಲ್ಲಿ ಕಾರಣ ಸ್ಪಷ್ಟವಾಗಿತ್ತು: ಎಕ್ಸ್‌ಟೆನ್ಷನ್ ಪುಟದ ಒಳಗೇ ಬರೆದ ಸ್ಕ್ರಿಪ್ಟನ್ನು ಭದ್ರತಾ ನಿಯಮ ಓಡಲು ಬಿಡುವುದಿಲ್ಲ. ಸ್ಕ್ರಿಪ್ಟ್ ಬೇರೆ ಫೈಲಿನಲ್ಲೇ ಇರಬೇಕು. ಬಣ್ಣ, ಅಳತೆಗಳ ಸ್ಟೈಲ್ ಮಾತ್ರ ಪುಟದೊಳಗೇ ಇರಬಹುದು. ನೀವು ಇದನ್ನು ಮಾಡುವುದಾದರೆ ಮೊದಲ ನಿಮಿಷದಿಂದಲೇ ಕನ್ಸೋಲ್ ತೆರೆದಿಟ್ಟುಕೊಳ್ಳಿ.

ಸಂಜೆಯ ಹೊತ್ತಿಗೆ ಪೂರ್ತಿ ಖಾಲಿ ಬಿಳಿ ಪುಟ ಸಿದ್ಧವಾಯಿತು. ಕೆಲಸ ಮುಗಿಯಿತು ಅಂತಲೇ ಅಂದುಕೊಂಡೆ.

ದಿನ 3, ಸೋಮವಾರ: ಖಾಲಿ ಪುಟ ಕೆಲಸ ಮಾಡಲಿಲ್ಲ

ಏನೂ ಇಲ್ಲದಿದ್ದರೆ ಗಮನ ಎಲ್ಲೂ ಹೋಗುವುದಿಲ್ಲ ಅನ್ನುವುದು ನನ್ನ ಲೆಕ್ಕವಾಗಿತ್ತು. ಎರಡು ದಿನ ಬಳಸಿದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಪ್ರತಿ ಸಲ ತೆರೆದಾಗಲೂ ಪುಟ ಇನ್ನೂ ಬಂದಿಲ್ಲವೇನೋ ಅನ್ನಿಸುತ್ತಿತ್ತು. ಅರ್ಧ ಸೆಕೆಂಡ್ ಕಾಯುತ್ತಿದ್ದೆ. ಕಣ್ಣು ಏನನ್ನೋ ಹುಡುಕುತ್ತಿತ್ತು. ಹೌದು, ಇದು ನನ್ನ ಪುಟ, ಬಂದಾಗಿದೆ ಅಂತ ಹೇಳುವ ಒಂದು ಸಣ್ಣ ಗುರುತಾದರೂ ಬೇಕಿತ್ತು.

ಇನ್ನೊಂದು ತೊಂದರೆ ರಾತ್ರಿ ಹೊತ್ತು. ಕತ್ತಲೆ ಕೋಣೆಯಲ್ಲಿ ಬಿಳಿ ಪುಟ ಮುಖಕ್ಕೆ ಟಾರ್ಚ್ ಹಿಡಿದ ಹಾಗೆ. ಡಾರ್ಕ್ ಬಣ್ಣ ಸೇರಿಸಿದೆ. ಹಗಲಿಗೋ ರಾತ್ರಿಗೋ ಅನ್ನುವ ನನ್ನ ಆಯ್ಕೆಯನ್ನು ಎಕ್ಸ್‌ಟೆನ್ಷನ್ ಸ್ಟೋರೇಜ್‌ನಲ್ಲಿ ಉಳಿಸಿ, ಸ್ಕ್ರಿಪ್ಟಿನಿಂದ ಓದಿ, ಹಿನ್ನೆಲೆ ಬದಲಿಸುವ ಹಾಗೆ ಮಾಡಿದೆ. ಈಗ ಬೇರೆ ಕಾಟ ಶುರುವಾಯಿತು. ಮೊದಲು ಬಿಳಿ ಮಿಂಚಿ ಆಮೇಲೆ ಕಪ್ಪಾಗುತ್ತಿತ್ತು. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ವಿಡಿಯೋ ತೆಗೆದು ಒಂದೊಂದಾಗಿ ಎಣಿಸಿದೆ. 14 ಫ್ರೇಮ್ ಬಿಳಿ ಇತ್ತು. ಅಂದರೆ ಸುಮಾರು 58 ಮಿಲಿಸೆಕೆಂಡ್. ಕೇಳಲು ಕಡಿಮೆ, ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ.

ಕಾರಣ ಸರಳ. ಆ ಸ್ಟೋರೇಜ್ ಕೇಳಿದ ತಕ್ಷಣ ಉತ್ತರ ಕೊಡುವುದಿಲ್ಲ, ಸ್ವಲ್ಪ ಹೊತ್ತಿನ ನಂತರ ಕೊಡುತ್ತದೆ. ಅಷ್ಟರಲ್ಲಿ ಬ್ರೌಸರ್ ಪುಟವನ್ನು ಬಿಡಿಸಿಬಿಟ್ಟಿರುತ್ತದೆ. ಸ್ಕ್ರಿಪ್ಟನ್ನೂ ನನ್ನ ಆಯ್ಕೆಯನ್ನೂ ಎರಡನ್ನೂ ತೆಗೆದೆ. ಪುಟಕ್ಕೆ ಎರಡೂ ಬಣ್ಣ ಒಪ್ಪಿಗೆ ಅಂತ ಹೇಳುವ ಒಂದು ಮೆಟಾ ಸಾಲು ಹಾಕಿದೆ. ಕಂಪ್ಯೂಟರ್ ಡಾರ್ಕ್‌ನಲ್ಲಿದ್ದರೆ ಈ ಹಿನ್ನೆಲೆ ಅನ್ನುವ ಸ್ಟೈಲನ್ನು ಪುಟದ ತಲೆಭಾಗದಲ್ಲೇ ಬರೆದೆ. ಮತ್ತೆ ವಿಡಿಯೋ ತೆಗೆದಾಗ 2 ಫ್ರೇಮ್. ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ.

ಹಗಲಿನ ಹಿನ್ನೆಲೆಯನ್ನೂ ಅಚ್ಚ ಬಿಳಿಯಿಂದ ಒಂಚೂರು ಇಳಿಸಿದೆ. ಕೆಂಪು, ಹಸಿರು, ನೀಲಿ ಮೂರೂ 250. ಇದು ಆಮೇಲೆ ಒಂದು ಸಣ್ಣ ಪೆಟ್ಟು ಕೊಟ್ಟಿತು. ಮುಂದೆ ಹೇಳುತ್ತೇನೆ.

ದಿನ 5, ಬುಧವಾರ: ಗಡಿಯಾರ

ಗುರುತಿಗೆ ಗಡಿಯಾರ ಇಡೋಣ ಅನ್ನಿಸಿತು. ಗಂಟೆ, ನಿಮಿಷ, ಸೆಕೆಂಡ್. ಹತ್ತು ನಿಮಿಷ ಬಳಸುವಷ್ಟರಲ್ಲಿ ಸೆಕೆಂಡ್ ತೆಗೆದೆ. ಓಡುವ ಅಂಕಿ ಪುಟದ ಮೂಲೆಯಲ್ಲಿದ್ದರೂ ಕಣ್ಣಂಚಿಗೆ ಬೀಳುತ್ತದೆ. ನೋಡಬಾರದು ಅಂದುಕೊಂಡರೂ ನೋಡುತ್ತೇವೆ.

ನಿಮಿಷದ ಗಡಿಯಾರಕ್ಕೆ ಪ್ರತಿ ಸೆಕೆಂಡ್ ಓಡುವ ಟೈಮರ್ ಹಾಕಿದ್ದೆ. ಸಂಜೆ ನೋಡಿದರೆ 19 ಹೊಸ ಟ್ಯಾಬ್ ಹಾಗೇ ತೆರೆದಿದ್ದವು. 19 ಟೈಮರ್ ಸುಮ್ನೆ ಓಡುತ್ತಿದ್ದವು. ಕಾಣದ ಟ್ಯಾಬಿನ ಟೈಮರನ್ನು ಬ್ರೌಸರ್ ತಾನೇ ನಿಧಾನ ಮಾಡುತ್ತದೆ ನಿಜ. ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿದ್ದ ಪುಟದ ಇಂಥ ಟೈಮರ್ ನಿಮಿಷಕ್ಕೊಮ್ಮೆ ಮಾತ್ರ ಎದ್ದೇಳುತ್ತದೆ. ಆದರೂ ಬೇಡದ ಕೆಲಸ ಬೇಡದ ಕೆಲಸವೇ ಅಲ್ವಾ? ಮುಂದಿನ ನಿಮಿಷಕ್ಕೆ ಎಷ್ಟು ಬಾಕಿ ಇದೆ ಅಂತ ಲೆಕ್ಕ ಹಾಕಿ, ಅಷ್ಟು ಹೊತ್ತಿಗೆ ಒಂದೇ ಸಲ ಏಳುವ ಹಾಗೆ ಬದಲಿಸಿದೆ. ಟ್ಯಾಬ್ ಮರೆಯಾದಾಗ ಅದನ್ನೂ ನಿಲ್ಲಿಸಿದೆ. ಇದಕ್ಕೆಲ್ಲ ಒಂದೂವರೆ ಗಂಟೆ.

ಎಲ್ಲ ಸರಿಯಾದ ಮೇಲೆ ತಲೆ ಎತ್ತಿ ನೋಡಿದೆ. ಪರದೆಯ ಮೂಲೆಯಲ್ಲಿ ಕಂಪ್ಯೂಟರಿನ ಗಡಿಯಾರ ಮೊದಲಿನಿಂದಲೂ ಇದೆ. ನನ್ನದನ್ನು ತೆಗೆದೆ. ಟೈಮರ್ ಇಲ್ಲ, ಗಡಿಯಾರ ಇಲ್ಲ. ವಾರದ ಹೆಸರು, ತಾರೀಖು ಮಾತ್ರ ಉಳಿಸಿದೆ. ದಿನಕ್ಕೊಮ್ಮೆ ಬದಲಾಗುವ ವಸ್ತು ಯಾರ ಗಮನವನ್ನೂ ಎಳೆಯುವುದಿಲ್ಲ.

ತಾರೀಖಿನಲ್ಲೂ ಒಂದು ಎಡವಟ್ಟು ಆಯಿತು. ರಾತ್ರಿ ತೆರೆದ ಟ್ಯಾಬ್ ಬೆಳಗ್ಗೆ ನಿನ್ನೆಯ ತಾರೀಖನ್ನೇ ತೋರಿಸುತ್ತಿತ್ತು. ಟ್ಯಾಬ್ ಮತ್ತೆ ಕಣ್ಣಿಗೆ ಬಿದ್ದಾಗ ಒಮ್ಮೆ ತಾರೀಖು ಬರೆ ಅಂತ ಎರಡು ಸಾಲು ಸೇರಿಸಿದೆ. ತಾರೀಖನ್ನು ಕನ್ನಡದಲ್ಲಿ ಬರೆಯಲು ಬ್ರೌಸರಿಗೇ ಗೊತ್ತು. ಭಾಷೆ ಕನ್ನಡ ಅಂತ ಹೇಳಿದರೆ ವಾರ, ತಿಂಗಳು ಕನ್ನಡದಲ್ಲಿ ಬರುತ್ತವೆ, ಅಂಕಿ ಮಾತ್ರ 1, 2, 3 ಆಗಿಯೇ ಬರುತ್ತದೆ. ಕನ್ನಡ ಅಂಕಿ ಬೇಕಿದ್ದರೆ ಅದನ್ನು ಬೇರೆಯಾಗಿ ಕೇಳಬೇಕು. ನಾನು ಕೇಳಲಿಲ್ಲ. ಪರದೆಯ ಉಳಿದ ಅಂಕಿಗಳ ಜೊತೆ ಬೆರೆತು ಹೋಗಲಿ ಅಂತ.

ದಿನ 7, ಶುಕ್ರವಾರ: ಒತ್ತಕ್ಷರ ತುಂಡಾಯಿತು

ಬೆಳಗ್ಗೆ ತೆರೆದರೆ 'ಶುಕ್ರವಾರ'ದಲ್ಲಿ ಕಕಾರದ ಕೆಳಗಿನ ರಕಾರದ ಒತ್ತು ಅರ್ಧ ಇಲ್ಲ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯಷ್ಟೇ, ಅಂದರೆ 1 ಇಟ್ಟಿದ್ದೆ. ಹೊರಗೆ ಚಾಚಿದ್ದನ್ನು ಕತ್ತರಿಸು ಅಂತಲೂ ಹೇಳಿದ್ದೆ. ನಾನು ಪರೀಕ್ಷೆ ಮಾಡಿದ್ದು ಬುಧವಾರ. 'ಬುಧವಾರ'ದಲ್ಲಿ ಒತ್ತೇ ಇಲ್ಲ, ಗುರುವಾರದಲ್ಲೂ ಇಲ್ಲ. ವಾರದ ಏಳು ಹೆಸರಿನಲ್ಲಿ ಒತ್ತು ಇರುವುದು ಇದೊಂದಕ್ಕೆ.

ಸಾಲಿನ ಎತ್ತರ 1.6 ಮಾಡಿದೆ, ಕತ್ತರಿಸುವ ಸಾಲನ್ನು ತೆಗೆದೆ. ಆಮೇಲೆ ಏಳು ವಾರ, ಹನ್ನೆರಡು ತಿಂಗಳು ಎಲ್ಲವನ್ನೂ ಒಂದೇ ಪುಟದಲ್ಲಿ ಬರೆಸಿ ನೋಡಿದೆ. ಫೆಬ್ರವರಿ, ಏಪ್ರಿಲ್, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಐದಕ್ಕೂ ಇದೇ ಗತಿ ಆಗುತ್ತಿತ್ತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಐದು ನಿಮಿಷದ ಕೆಲಸ.

ಇದೇ ದಿನ, ಜೊತೆಗೆ ಸೇರಿಸಿದ್ದ ಕನ್ನಡ ಫಾಂಟ್ ಫೈಲನ್ನೂ ತೆಗೆದೆ. ಅಕ್ಷರ ಮೊದಲು ಒಂದು ರೂಪದಲ್ಲಿ ಬಂದು ಆಮೇಲೆ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಕಂಪ್ಯೂಟರಿನಲ್ಲಿರುವ ಫಾಂಟ್ ಸಾಕು.

ದಿನ 8 ಮತ್ತು 9, ಶನಿ-ಭಾನು: ಲಿಂಕುಗಳು

ಅತಿ ಹೆಚ್ಚು ಕಷ್ಟಪಟ್ಟಿದ್ದು ಇಲ್ಲಿ.

ನೀವು ಹೆಚ್ಚು ಹೋಗುವ ತಾಣಗಳ ಪಟ್ಟಿಯನ್ನು ಬ್ರೌಸರೇ ಎಕ್ಸ್‌ಟೆನ್ಷನ್ನಿಗೆ ಕೊಡುತ್ತದೆ. ಅದಕ್ಕೊಂದು ಅನುಮತಿ ಕೇಳಬೇಕು ಅಷ್ಟೇ. ಕೇಳಿದೆ, ಎಂಟು ಲಿಂಕ್ ತಾನಾಗಿಯೇ ಬಂದವು. ಸುಲಭ ಅನ್ನಿಸಿತು. ಮರುದಿನ ಮೂರನೇ ಲಿಂಕ್ ಒತ್ತಿದೆ, ಬೇರೆ ಏನೋ ತೆರೆಯಿತು. ರಾತ್ರಿಯಲ್ಲಿ ಪಟ್ಟಿಯ ಕ್ರಮ ಬದಲಾಗಿತ್ತು. ಕೈಗೆ ಜಾಗ ಅಭ್ಯಾಸವಾಗುತ್ತದೆ, ಹೆಸರು ಓದುವುದನ್ನು ನಾವು ಬೇಗ ಬಿಟ್ಟುಬಿಡುತ್ತೇವೆ. ಕ್ರಮ ಬದಲಾಗುವ ಪಟ್ಟಿ ಪ್ರತಿ ಸಲವೂ ಓದು ಅಂತ ಕೇಳುತ್ತದೆ. ಓದಿದರೆ ಮುಗಿಯಿತು, ತಲೆಯಲ್ಲಿದ್ದದ್ದು ಹೋಯಿತು. ಆ ಪಟ್ಟಿಯನ್ನೂ ಅದರ ಅನುಮತಿಯನ್ನೂ ತೆಗೆದು, ಒಂದು ಸೆಟ್ಟಿಂಗ್ಸ್ ಪುಟ ಮಾಡಿ, ಅಲ್ಲಿ ಕೈಯಾರೆ ಆರು ಲಿಂಕ್ ಬರೆದು ಸ್ಟೋರೇಜ್‌ನಲ್ಲಿ ಉಳಿಸಿದೆ. ಕ್ರಮ ನನ್ನದು. ಯಾವತ್ತೂ ಬದಲಾಗದು.

ಆಮೇಲೆ ತಾಣಗಳ ಚಿಕ್ಕ ಐಕಾನ್ ಸೇರಿಸಿದೆ. ಬ್ರೌಸರ್ ತಾನು ಉಳಿಸಿಟ್ಟುಕೊಂಡ ಐಕಾನ್‌ಗಳನ್ನೇ ಕೊಡುತ್ತದೆ, ನೆಟ್‌ನಿಂದ ತರಬೇಕಿಲ್ಲ. ನೋಡಲು ಚೆಂದ ಇತ್ತು, ಆದರೆ ಬೂದು ಪುಟದಲ್ಲಿ ಆರು ಬಣ್ಣದ ಚುಕ್ಕೆ ಕೂತರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಕಪ್ಪು-ಬಿಳುಪು ಮಾಡಿ ನೋಡಿದೆ. ಈಗ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ತೆಗೆದೆ.

ಮುಂದಿನದ್ದು ನನ್ನ ದೊಡ್ಡ ತಪ್ಪು. ಲಿಂಕುಗಳನ್ನು ಪೂರ್ತಿ ಬಚ್ಚಿಡೋಣ, ಮೌಸ್ ಅಲುಗಿದಾಗ ಮಾತ್ರ 300 ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಮೂಡಲಿ ಅಂದುಕೊಂಡೆ. ಇದೇ ಸುಮ್ಮನಿರುವ ಪುಟ ಅಂತ ಖುಷಿಯಾಗಿತ್ತು. ಎರಡು ಗಂಟೆ ಕೂತು ನಯವಾಗಿ ಮಾಡಿದೆ. ಬಳಸಿದಾಗ ಗೊತ್ತಾಯಿತು, ಮೇಜಿನ ಮೇಲೆ ಕೈ ಸರಿದರೂ ಮೌಸ್ ಒಂದೆಳೆ ಅಲುಗುತ್ತದೆ. ನಾನು ಅಡ್ರೆಸ್ ಬಾರಿನಲ್ಲಿ ಟೈಪ್ ಮಾಡುತ್ತಿರುವಾಗ ಕೆಳಗೆ ಏನೋ ಮೂಡುತ್ತದೆ, ಮಾಯವಾಗುತ್ತದೆ. ಅಲ್ಲೇ ಇದ್ದ ಲಿಂಕಿಗಿಂತ ಬಂದು ಹೋಗುವ ಲಿಂಕ್ ಹತ್ತು ಪಟ್ಟು ಜಾಸ್ತಿ ಗಮನ ಎಳೆಯಿತು. ಕೀಬೋರ್ಡ್ ಮಾತ್ರ ಬಳಸುವವರಿಗಂತೂ ಲಿಂಕ್ ಕಾಣುವುದೇ ಇಲ್ಲ. ಪೂರ್ತಿ ಅಳಿಸಿದೆ. ಪುಟದಲ್ಲಿ ಇರುವುದು ಮೊದಲ ಕ್ಷಣದಿಂದ ಇರಬೇಕು, ಅಲುಗಬಾರದು. ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಇದೇ ನಿಯಮಕ್ಕೆ ಹಿಡಿದು ನೋಡಿದೆ.

ಹಾಗಾದರೆ ಬಣ್ಣ ತಿಳಿಯಾಗಲಿ ಅಂತ ಅಕ್ಷರಕ್ಕೆ #999 ಅನ್ನುವ ತಿಳಿ ಬೂದು ಬಣ್ಣ ಕೊಟ್ಟೆ. ಸಂಜೆ ಬೆಳಕಿನಲ್ಲಿ ಓದಲು ಕಣ್ಣು ಕಿರಿದು ಮಾಡಬೇಕಾಯಿತು. ಅಳೆದು ನೋಡಿದರೆ ಬಿಳಿಯ ಮೇಲೂ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ, 2.85. ಸಾಮಾನ್ಯ ಅಳತೆಯ ಅಕ್ಷರಕ್ಕೆ ವೆಬ್ ಮಾರ್ಗಸೂಚಿ ಕೇಳುವುದು ಕನಿಷ್ಠ 4.5. ಬಿಳಿಯ ಮೇಲೆ #767676ಕ್ಕೆ 4.54 ಸಿಗುತ್ತದೆ ಅಂತ ಅದನ್ನು ಹಾಕಿದೆ. ನನ್ನ ಹಿನ್ನೆಲೆ ಅಚ್ಚ ಬಿಳಿ ಅಲ್ಲ, 250 ಅನ್ನೋದು ಮರೆತಿದ್ದೆ. ಅದರ ಮೇಲೆ 4.35ಕ್ಕೆ ಇಳಿಯಿತು. ಕೊನೆಗೆ #666, ಅಂದರೆ 5.5. ಡಾರ್ಕ್‌ನಲ್ಲಿ #222 ಹಿನ್ನೆಲೆಗೆ #999 ಅಕ್ಷರ, ಅಲ್ಲಿ ಸುಮಾರು 5.6. ಓದಲು ಆಗದಷ್ಟು ಮಂಕಾದ ಅಕ್ಷರ ಕಣ್ಣನ್ನು ಇನ್ನೂ ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಜಾಗದ ವಿಷಯ. ಅಡ್ರೆಸ್ ಬಾರಿನಲ್ಲಿ ಟೈಪ್ ಮಾಡಿದಾಗ ಸಲಹೆಗಳ ಪಟ್ಟಿ ಕೆಳಗಿಳಿದು ಪುಟದ ಮೇಲ್ಭಾಗ ಮುಚ್ಚುತ್ತದೆ. ಅಲ್ಲಿ ಇಟ್ಟದ್ದು ಅರ್ಧ ಮುಚ್ಚಿ ಅರ್ಧ ಇಣುಕುತ್ತದೆ. ಹಾಗಾಗಿ ಎಲ್ಲವನ್ನೂ ಕೆಳಗೆ ಎಡಕ್ಕೆ ಇಳಿಸಿದೆ. ಮೊದಲು ತಳದಿಂದ 16 ಪಿಕ್ಸೆಲ್ ಇಟ್ಟೆ. ಲಿಂಕ್ ಮೇಲೆ ಮೌಸ್ ಹೋದಾಗ ಅದರ ವಿಳಾಸ ತೋರಿಸುವ ಪಟ್ಟಿ ಸರಿಯಾಗಿ ಅದೇ ಮೂಲೆಯಲ್ಲಿ ಬಂದು ಕೊನೆಯ ಲಿಂಕಿನ ಮೇಲೆ ಕೂತಿತು. ತಳದಿಂದ 72, ಎಡದಿಂದ 48 ಮಾಡಿದೆ. ಅಕ್ಷರ 15 ಪಿಕ್ಸೆಲ್, ಒತ್ತುವ ಜಾಗದ ಎತ್ತರ 32. ನೋಡಿದ ಲಿಂಕ್ ನೇರಳೆ ಬಣ್ಣಕ್ಕೆ ತಿರುಗದ ಹಾಗೆ ಎರಡಕ್ಕೂ ಒಂದೇ ಬಣ್ಣ ಕೊಟ್ಟೆ. ಟ್ಯಾಬ್ ಕೀಲಿಯಲ್ಲಿ ಓಡಾಡುವಾಗ ಬರುವ ಅಂಚಿನ ಗೆರೆಯನ್ನು ಚೆಂದಕ್ಕೆ ಅಂತ ತೆಗೆದಿದ್ದೆ. ಎಲ್ಲಿದ್ದೇನೆ ಅಂತಲೇ ತಿಳಿಯಲಿಲ್ಲ. ವಾಪಸ್ ಹಾಕಿದೆ.

ದಿನ 12, ಬುಧವಾರ: ಹುಡುಕುವ ಪೆಟ್ಟಿಗೆ

ಪುಟದ ನಡುವೆ ನನ್ನದೇ ಒಂದು ಹುಡುಕುವ ಪೆಟ್ಟಿಗೆ ಇಟ್ಟೆ. ಟ್ಯಾಬ್ ತೆರೆದ ಕೂಡಲೇ ಕರ್ಸರ್ ಅದರಲ್ಲಿ ಇರಲಿ ಅಂತ ಆಟೋಫೋಕಸ್ ಕೊಟ್ಟೆ. ಬರಲಿಲ್ಲ. 100 ಮಿಲಿಸೆಕೆಂಡ್ ತಡೆದು ಕರೆದೆ, 500 ತಡೆದು ಕರೆದೆ. ಬರಲಿಲ್ಲ. ಪುಟ ತೆರೆದೊಡನೆ ಅದೇ ಟ್ಯಾಬಿನಲ್ಲಿ ಇನ್ನೊಂದು ಪುಟಕ್ಕೆ ಹಾರಿಸುವ ಉಪಾಯ ಮಾಡಿದೆ. ಕೆಲವು ಸಲ ಕರ್ಸರ್ ಬಂತು. ಆದರೆ ನಾನು ಬೇಗ ಟೈಪ್ ಮಾಡಿದರೆ ಮೊದಲ ಎರಡು ಅಕ್ಷರ ಕಳೆದುಹೋಗುತ್ತಿದ್ದವು.

ಎರಡು ಗಂಟೆ ಆದ ಮೇಲೆ ಕ್ರೋಮ್‌ನ ಡೆವಲಪರ್ ಕೈಪಿಡಿ ಓದಿದೆ. ಹೊಸ ಟ್ಯಾಬ್ ತೆರೆದಾಗ ಫೋಕಸ್, ಅಂದರೆ ಟೈಪ್ ಮಾಡಿದ್ದು ಬೀಳುವ ಜಾಗ, ಮೊದಲು ಅಡ್ರೆಸ್ ಬಾರಿಗೇ ಹೋಗುತ್ತದೆ, ಅದು ತನಗೆ ಸಿಗುತ್ತದೆ ಅಂತ ಪುಟ ನೆಚ್ಚಿಕೊಳ್ಳಬಾರದು ಅಂತ ಅಲ್ಲಿ ಬರೆದೇ ಇದೆ. ಯೋಚಿಸಿದರೆ ಅದೇ ಸರಿ. ಹುಡುಕಲು ಬೇಕಾದ ಪೆಟ್ಟಿಗೆ ಮೇಲೆ ಆಗಲೇ ಇದೆ, ಕರ್ಸರ್ ಕೂಡ ಅಲ್ಲೇ ಇದೆ. ಪೆಟ್ಟಿಗೆ ತೆಗೆದೆ.

ದಿನ 15, ಶನಿವಾರ: 'ಈಗ ಮಾಡುತ್ತಿರುವುದು'

ಮರೆಯುವುದೇ ತೊಂದರೆ ಆದರೆ ಪುಟವೇ ನೆನಪಿಸಲಿ ಅಂತ ಒಂದು ಸಾಲು ಬರೆಯುವ ಜಾಗ ಇಟ್ಟೆ. ಶನಿವಾರ ಬರೆದ ಸಾಲು ಮಂಗಳವಾರವೂ ಹಾಗೇ ಇತ್ತು. ಮುಗಿದ ಕೆಲಸದ ಹೆಸರನ್ನು ಟ್ಯಾಬ್ ತೆರೆದಾಗಲೆಲ್ಲ ಓದಬೇಕಾಯಿತು. ತೆಗೆದೆ.

ದಿನ 18, ಮಂಗಳವಾರ: ಫೋಲ್ಡರಿನ ಹೆಸರು ಬದಲಿಸಿದೆ, ಲಿಂಕುಗಳು ಮಾಯ

ಫೋಲ್ಡರಿನ ಹೆಸರು 'ಪರೀಕ್ಷೆ' ಅಂತ ಇತ್ತು. ಈಗ ಪುಟ ಗಟ್ಟಿಯಾಗಿದೆ, ಒಳ್ಳೆಯ ಹೆಸರಿಡೋಣ ಅಂತ ಬದಲಿಸಿದೆ. ಬ್ರೌಸರ್‌ಗೆ ಹಳೆಯ ಫೋಲ್ಡರ್ ಸಿಗಲಿಲ್ಲ. ಹೊಸ ಜಾಗದಿಂದ ಮತ್ತೆ ಲೋಡ್ ಮಾಡಿದೆ. ಪುಟ ಬಂತು, ಆರು ಲಿಂಕ್ ಇಲ್ಲ.

ಹೀಗೆ ಲೋಡ್ ಮಾಡಿದ ಎಕ್ಸ್‌ಟೆನ್ಷನ್ನಿನ ಗುರುತಿನ ಸಂಖ್ಯೆ ಫೋಲ್ಡರ್ ಇರುವ ದಾರಿಯಿಂದಲೇ ಹುಟ್ಟುತ್ತದೆ. ದಾರಿ ಬದಲಾದರೆ ಬ್ರೌಸರಿಗೆ ಅದು ಬೇರೆಯೇ ಎಕ್ಸ್‌ಟೆನ್ಷನ್. ಹಳೆಯದರ ಸ್ಟೋರೇಜ್ ಹೊಸದಕ್ಕೆ ಸಿಗುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ಒಂದು ಕೀ ಬರೆದು ಸಂಖ್ಯೆಯನ್ನು ಕಾಯಂ ಮಾಡಬಹುದು. ನಾನು ಬೇರೆ ದಾರಿ ಹಿಡಿದೆ. ಲಿಂಕ್ ಬದಲಿಸುವ ಸೆಟ್ಟಿಂಗ್ಸ್ ಪುಟ, ಸ್ಟೋರೇಜ್ ಅನುಮತಿ ಎರಡನ್ನೂ ಬಿಟ್ಟು, ಆರು ಲಿಂಕನ್ನು ಎಚ್‌ಟಿಎಂಎಲ್ ಫೈಲಿನಲ್ಲೇ ಬರೆದೆ. ಬದಲಿಸಬೇಕಾದರೆ ಫೈಲ್ ತೆಗೆದು ತಿದ್ದುತ್ತೇನೆ. ವರ್ಷಕ್ಕೆ ಎರಡು ಸಲ ಆದರೆ ಹೆಚ್ಚು.

ಈಗ ಮ್ಯಾನಿಫೆಸ್ಟ್‌ನಲ್ಲಿ ಅನುಮತಿಗಳ ಪಟ್ಟಿಯೇ ಇಲ್ಲ. ನನ್ನ ಪುಟ ನನ್ನ ಬಗ್ಗೆ ಏನನ್ನೂ ಕೇಳುವುದಿಲ್ಲ ಅನ್ನುವುದು ನನಗೆ ತುಂಬ ಸಮಾಧಾನ ಕೊಟ್ಟಿತು.

ದಿನ 22, ಶನಿವಾರ: ಅಳತೆ

20 ಸಲ ಟ್ಯಾಬ್ ತೆರೆದು, ಮೊದಲ ಅಕ್ಷರ ಪರದೆಗೆ ಬರಲು ಹಿಡಿದ ಸಮಯವನ್ನು ಬ್ರೌಸರಿನ ದಾಖಲೆಯಿಂದ ಓದಿದೆ. ನಡುವಿನ ಬೆಲೆ 41 ಮಿಲಿಸೆಕೆಂಡ್. ಐಕಾನ್, ಸ್ಟೋರೇಜ್ ಎರಡೂ ಇದ್ದಾಗ 148 ಇತ್ತು. ಫೋಲ್ಡರಿನ ಮೂರು ಫೈಲ್ ಸೇರಿ 3 ಕಿಲೋಬೈಟ್. ಸ್ಕ್ರಿಪ್ಟ್ ಇರುವುದು ತಾರೀಖಿಗೆ ಮಾತ್ರ, 11 ಸಾಲು.

ಇದೇ ಫೋಲ್ಡರನ್ನು ಫೈರ್‌ಫಾಕ್ಸ್‌ನಲ್ಲೂ ಹಾಕಿದೆ. ಹೊಸ ಟ್ಯಾಬಿನ ಬಗ್ಗೆ ಮ್ಯಾನಿಫೆಸ್ಟಿನಲ್ಲಿರುವ ಸಾಲು ಅದಕ್ಕೂ ಅರ್ಥವಾಗುತ್ತದೆ. ಡೀಬಗ್ಗಿಂಗ್ ಪುಟದಿಂದ ತಾತ್ಕಾಲಿಕವಾಗಿ ಲೋಡ್ ಆಯಿತು, ಬ್ರೌಸರ್ ಮುಚ್ಚಿ ತೆರೆದಾಗ ಹೋಯಿತು. ಕಾಯಂ ಬೇಕಿದ್ದರೆ ಎಕ್ಸ್‌ಟೆನ್ಷನ್ನಿಗೆ ಮೊಝಿಲಾದ ಸಹಿ ಬೇಕು. ಅದು ಇನ್ನೂ ಆಗಿಲ್ಲ. ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನನ್ನ ಪುಟ ಬರುವುದಿಲ್ಲ. ಅಲ್ಲಿ ಹೊಸ ಟ್ಯಾಬನ್ನು ಬದಲಿಸಲು ಎಕ್ಸ್‌ಟೆನ್ಷನ್ನಿಗೆ ಅವಕಾಶವೇ ಇಲ್ಲ.

ದಿನ 24ರಿಂದ 26, ಸೋಮ-ಬುಧ: ಮತ್ತೆ ಚೀಟಿ

ಗೀಟುಗಳ ಲೆಕ್ಕ 4, 5, 3. ಉಳಿದ ಹನ್ನೆರಡರಲ್ಲಿ ಎಷ್ಟು ಪುಟದ ತಪ್ಪು ಅಂತ ತಿಳಿಯಲು ಪ್ರತಿ ಗೀಟಿನ ಪಕ್ಕ ಕಾರಣ ಬರೆದೆ. ಐದು ಸಲ ಫೋನ್ ಸದ್ದು ಮಾಡಿತ್ತು. ಮೂರು ಸಲ ಪಕ್ಕದ ಟ್ಯಾಬಿನ ಹೆಸರಿನಲ್ಲಿ ಹೊಸ ಸಂದೇಶದ ಅಂಕಿ ಬದಲಾಗಿತ್ತು. ಎರಡು ಸಲ ಕಾರಣ ಗೊತ್ತಾಗಲಿಲ್ಲ. ಉಳಿದ ಎರಡು ಸಲ ತಾರೀಖು ಕಣ್ಣಿಗೆ ಬಿದ್ದು, ಆ ವಾರ ಕೊಡಬೇಕಾದ ಬೇರೆ ಕೆಲಸ ನೆನಪಾಗಿತ್ತು.

ತಾರೀಖನ್ನು 28 ಪಿಕ್ಸೆಲ್‌ನಿಂದ 15ಕ್ಕೆ ಇಳಿಸಿ ಲಿಂಕುಗಳ ಸಾಲಿಗೇ ಸೇರಿಸಿದ್ದೇನೆ. ಮುಂದಿನ ಸೋಮವಾರದಿಂದ ಇನ್ನೊಂದು ಚೀಟಿ. ಆಗಲೂ ತಾರೀಖಿನ ಪಾಲಿಗೆ ಗೀಟು ಬಿದ್ದರೆ ಅದನ್ನೂ, ಅದರ ಹಿಂದಿನ 11 ಸಾಲನ್ನೂ ತೆಗೆಯುತ್ತೇನೆ.